ಎಲೆಕ್ಟ್ರಾನ್ ದುಂಡಗಿದೆಯೇ?

ಶಾಲೆಯ ಪುಸ್ತಕಗಳಲ್ಲಿ ಎಲೆಕ್ಟ್ರಾನ್ ಎಂದರೆ ಒಂದು ಪುಟ್ಟ ಗೋಲಿ. ಕಣ್ಣಿಗೆ ಕಾಣದ್ದಕ್ಕೂ ಒಂದು ರೂಪ ಕೊಡುವುದು ಮನುಷ್ಯನ ಹಳೆಯ ಅಭ್ಯಾಸ. ವೈಶೇಷಿಕರು ಪರಮಾಣುವಿನ ಪರಿಮಾಣವನ್ನು ‘ಪಾರಿಮಾಂಡಲ್ಯ’ ಎಂದರು. ದುಂಡಗಿನದು ಎಂಬ ಅರ್ಥ ಆ ಹೆಸರಿನಲ್ಲೇ ಇದೆ. ಗ್ರೀಸಿನ ಡೆಮಾಕ್ರಿಟಸ್ ಪರಮಾಣುಗಳಿಗೆ ನಾನಾ ಆಕಾರಗಳನ್ನು ಕಲ್ಪಿಸಿದ. ಕೆಲವಕ್ಕೆ ಕೊಕ್ಕೆಗಳಿದ್ದವು; ಅವು ಒಂದಕ್ಕೊಂದು ಸಿಕ್ಕಿಕೊಂಡು ವಸ್ತುಗಳಾಗುತ್ತವೆ ಎಂಬುದು ಅವನ ವಿವರಣೆ.

1897ರಲ್ಲಿ ಜೆ.ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಪತ್ತೆಹಚ್ಚಿದ ಮೇಲೂ ಈ ಅಭ್ಯಾಸ ಬಿಡಲಿಲ್ಲ. ಡಚ್ ವಿಜ್ಞಾನಿ ಲೊರೆಂಟ್ಸ್ ಮೊದಲಾದವರು ಅದನ್ನು ವಿದ್ಯುದಂಶ ತುಂಬಿದ ಗೋಳವೆಂದೇ ಬಗೆದು ಲೆಕ್ಕ ಹಾಕಿದರು. 1925ರಲ್ಲಿ ಊಲೆನ್‌ಬೆಕ್ ಮತ್ತು ಗೌಡ್‌ಸ್ಮಿಟ್ ಎಂಬ ಇಬ್ಬರು ತರುಣರು ಎಲೆಕ್ಟ್ರಾನ್ ಬುಗುರಿಯಂತೆ ತಿರುಗುತ್ತದೆ ಎಂದರು. ಅದು ನಿಜವಾದರೆ ಗೋಳದ ಮೇಲ್ಮೈ ಬೆಳಕಿಗಿಂತ ವೇಗವಾಗಿ ಓಡಬೇಕಾಗುತ್ತದೆ ಎಂದು ಲೊರೆಂಟ್ಸ್ ತೋರಿಸಿಕೊಟ್ಟರು. ಕೊನೆಗೆ ‘ಸ್ಪಿನ್’ ಉಳಿಯಿತು, ಗೋಲಿ ಹೋಯಿತು. ಎಲೆಕ್ಟ್ರಾನಿಗೆ ಗಾತ್ರವಿದೆ ಎಂಬುದಕ್ಕೆ ಇಂದಿಗೂ ಯಾವ ಪ್ರಯೋಗದಲ್ಲೂ ಪುರಾವೆ ಸಿಕ್ಕಿಲ್ಲ. ಲೆಕ್ಕಕ್ಕೆ ಅದೊಂದು ಬಿಂದು.

ಪ್ರೋಟಾನಿನ ಕಥೆ ಬೇರೆ. 1950ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ರಾಬರ್ಟ್ ಹಾಫ್‌ಸ್ಟಾಟರ್ ಅದರ ಮೇಲೆ ವೇಗದ ಎಲೆಕ್ಟ್ರಾನುಗಳನ್ನು ಹಾಯಿಸಿ, ಅವು ಚದುರುವ ಬಗೆಯನ್ನು ಅಳೆದರು. ಪ್ರೋಟಾನ್ ಬರಿಯ ಬಿಂದುವಾಗಿದ್ದರೆ ಅವು ಹಾಗೆ ಚದುರುತ್ತಿರಲಿಲ್ಲ. ಅದರ ತ್ರಿಜ್ಯ ಮಿಲಿಮೀಟರಿನ ಲಕ್ಷ ಕೋಟಿಯಲ್ಲಿ ಒಂದು ಪಾಲಿಗಿಂತಲೂ ತುಸು ಕಡಿಮೆ. ಈ ಕೆಲಸಕ್ಕೆ 1961ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯ ಪಾಲು ದೊರೆಯಿತು. ಆದರೆ ಪ್ರೋಟಾನಿಗೆ ಗೋಲಿಯಂತೆ ಗಟ್ಟಿ ಅಂಚಿಲ್ಲ. ಅದರ ವಿದ್ಯುದಂಶ ಮಂಜಿನಂತೆ ಹೊರಹೊರಕ್ಕೆ ತೆಳುವಾಗುತ್ತದೆ.

ಅಲ್ಲಿಗೆ ‘ಆಕಾರ’ ಎಂಬ ಮಾತಿನ ಅರ್ಥವೇ ಬದಲಾಯಿತು. ಕಣ ನೋಡಲು ಹೇಗಿದೆ ಎಂಬುದಲ್ಲ, ಅದರ ವಿದ್ಯುತ್ ಪ್ರಭಾವ ಸುತ್ತಲೂ ಹೇಗೆ ಹರಡಿದೆ ಎಂಬುದೇ ಆಕಾರ. ಈ ಅರ್ಥದಲ್ಲಿ ಬಿಂದುವಾದ ಎಲೆಕ್ಟ್ರಾನಿನ ಬಗೆಗೂ ಪ್ರಶ್ನೆ ಕೇಳಬಹುದು: ಆ ಪ್ರಭಾವ ಎಲ್ಲ ಕಡೆಗೂ ಸಮವೇ, ಮೊಟ್ಟೆಯಂತೆ ಒಂದು ಬದಿಗೆ ವಾಲಿದೆಯೇ?

ಇದು ಬರಿಯ ಕುತೂಹಲವಲ್ಲ. ವಿಶ್ವ ಹುಟ್ಟಿದಾಗ ದ್ರವ್ಯವೂ ಪ್ರತಿದ್ರವ್ಯವೂ ಸಮನಾಗಿ ಹುಟ್ಟಿ, ಒಂದನ್ನೊಂದು ಅಳಿಸಿಹಾಕಬೇಕಿತ್ತು. ಹಾಗಾಗದೆ ದ್ರವ್ಯ ಉಳಿದದ್ದರಿಂದಲೇ ನಕ್ಷತ್ರಗಳಿವೆ, ನಾವಿದ್ದೇವೆ. ಅದು ಏಕೆ ಉಳಿಯಿತು ಎಂಬುದನ್ನು ವಿವರಿಸಹೊರಟ ಹಲವು ಸಿದ್ಧಾಂತಗಳು ಎಲೆಕ್ಟ್ರಾನಿನಲ್ಲಿ ಅತಿ ಸೂಕ್ಷ್ಮವಾದ ವಾಲಿಕೆಯನ್ನು ನಿರೀಕ್ಷಿಸುತ್ತವೆ.

2011ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಅಳೆದಾಗ ವಾಲಿಕೆ ಕಾಣಲಿಲ್ಲ. ಎಲೆಕ್ಟ್ರಾನನ್ನು ಸೌರಮಂಡಲದಷ್ಟು ಹಿಗ್ಗಿಸಿದರೂ ಅದರ ದುಂಡುತನದಲ್ಲಿ ಕೂದಲೆಳೆಗಿಂತ ಹೆಚ್ಚಿನ ಕೊರತೆ ಇರದು ಎಂದು ಅವರು ವಿವರಿಸಿದರು. 2023ರಲ್ಲಿ ಅಮೆರಿಕದ ಕೊಲರಾಡೊದಲ್ಲಿ ಇನ್ನೂ ಸೂಕ್ಷ್ಮವಾಗಿ ಅಳೆದಾಗಲೂ ಉತ್ತರ ಅದೇ.

ಹಾಗೆಂದು ‘ಪಾರಿಮಾಂಡಲ್ಯ’ ಎಂದವರು ಇದನ್ನು ಮೊದಲೇ ಅರಿತಿದ್ದರು ಎನ್ನಲಾಗದು. ಅವರದು ತರ್ಕ, ಇದು ಅಳತೆ. ಎಲೆಕ್ಟ್ರಾನ್ ಇಷ್ಟು ದುಂಡಗಿರುವುದೇ ಈಗ ವಿಜ್ಞಾನಿಗಳಿಗೆ ತೊಡಕಾಗಿದೆ. ನಾವೇಕೆ ಇದ್ದೇವೆ ಎಂಬ ಪ್ರಶ್ನೆಗೆ ಉತ್ತರವನ್ನು ಅವರು ಇನ್ನೂ ಹುಡುಕಬೇಕಾಗಿದೆ.