ಪೋವಿಸ್ ಕೋಟೆಯ ಉದ್ಯಾನ

ವೇಲ್ಸ್ ದೇಶದ ಪೂರ್ವದ ಎಲ್ಲೆಯಲ್ಲಿ, ವೆಲ್ಷ್‌ಪೂಲ್ ಎಂಬ ಪೇಟೆಯ ಬಳಿ, ಕಡಿದಾದ ಬಂಡೆಯ ನೆತ್ತಿಯ ಮೇಲೆ ಕೆಂಗಲ್ಲಿನಿಂದ ಎದ್ದು ನಿಂತಿರುವ ಪೋವಿಸ್ ಕೋಟೆಯು ಹದಿಮೂರನೆಯ ಶತಮಾನದಲ್ಲಿ ವೆಲ್ಷ್ ಅರಸುಮನೆತನದವರು ಕಟ್ಟಿಸಿದ ದುರ್ಗವಾದರೂ, ಇಂದು ಅದರ ಕೀರ್ತಿಗೆ ಮುಖ್ಯ ಕಾರಣವಾಗಿರುವುದು ಆ ಬಂಡೆಯ ಪಾರ್ಶ್ವವನ್ನೇ ಕಡಿದು ಹಂತಹಂತವಾಗಿ ರಚಿಸಿದ ಉದ್ಯಾನ.

1587ರಲ್ಲಿ ಕೋಟೆಯು ಹರ್ಬರ್ಟ್ ಮನೆತನದ ಕೈಸೇರಿತು. ಸುಮಾರು ನೂರು ವರ್ಷಗಳ ತರುವಾಯ ಇಟಲಿಯ ಮಾದರಿಯ ಈ ಜಗಲಿಗಳ ಕೆಲಸ ಮೊದಲಾಯಿತು. ವಿಲಿಯಂ ವಿಂಡ್ ಎಂಬ ವಾಸ್ತುಶಿಲ್ಪಿಯು ಇದರ ಯೋಜಕನೆಂಬುದು ರೂಢಿಯ ಮಾತು. 1688ರಲ್ಲಿ ಇಂಗ್ಲೆಂಡಿನ ದೊರೆ ಎರಡನೆಯ ಜೇಮ್ಸನೊಡನೆ ಹರ್ಬರ್ಟರೂ ದೇಶಭ್ರಷ್ಟರಾದರೂ ತೋಟವು ಅನಾಥವಾಗಲಿಲ್ಲ. ಕಟಕಟೆಯ ಮೇಲೆ ಕುಣಿಯುವ ಭಂಗಿಯಲ್ಲಿ ನಿಂತಿರುವ ಕುರುಬ ಕುರುಬತಿಯರ ಸೀಸದ ಪ್ರತಿಮೆಗಳು ವಾನ್ ನೋಸ್ಟ್ ಎಂಬ ಶಿಲ್ಪಿಯ ಕಾರ್ಯಾಗಾರದಲ್ಲಿ ಎರಕಗೊಂಡು ಬಂದುವು.

ಹದಿನೆಂಟನೆಯ ಶತಮಾನದಲ್ಲಿ ಆಂಗ್ಲರ ಅಭಿರುಚಿಯು ಪಲ್ಲಟಗೊಂಡು, ಸರಳರೇಖೆಗಳನ್ನೆಲ್ಲ ಅಳಿಸಿ ನಿಸರ್ಗವನ್ನು ಅನುಕರಿಸುವುದೇ ಉದ್ಯಾನಕಲೆಯೆಂಬ ಭಾವನೆ ಬಲಿತು, ದೇಶದ ಎಷ್ಟೋ ಪ್ರಾಚೀನ ತೋಟಗಳು ನೆಲಸಮವಾಗಿ ಹುಲ್ಲುಗಾವಲಾದ ಕಾಲದಲ್ಲಿಯೂ ಪೋವಿಸ್‌ನ ಜಗಲಿಗಳು ಉಳಿದುವು. ಅಲ್ಲಿಯ ಯೂ ಮರಗಳ ಚರಿತ್ರೆಯಲ್ಲಿ ಈ ಪಲ್ಲಟವನ್ನು ಕಣ್ಣಾರೆ ಕಾಣಬಹುದು. ಮೊದಲು ಅಚ್ಚುಕಟ್ಟಾಗಿ ಕತ್ತರಿಸಿದ ಪುಟ್ಟ ಗಿಡಗಳಾಗಿದ್ದ ಅವು, ಕತ್ತರಿ ತಗಲದ ಕಾಲದಲ್ಲಿ ಮನಬಂದಂತೆ ಬೆಳೆದು, ಅನಂತರ ಮತ್ತೆ ಕತ್ತರಿಯ ಶಿಸ್ತಿಗೆ ಒಳಗಾಗಿ, ಇಂದು ಮೇಲಣ ಜಗಲಿಯ ಗೋಡೆಯಿಂದ ಕೆಳಕ್ಕೆ ಬಾಗಿದ ಕಪ್ಪು ಹಸುರಿನ ಮೇಘರಾಶಿಯಂತೆ ತೋರುತ್ತವೆ. ಯಾವ ಯೋಜಕನೂ ಊಹಿಸಿರದ ಈ ರೂಪವೇ, ನನ್ನ ಎಣಿಕೆಯಲ್ಲಿ, ಉದ್ಯಾನದ ಪರಮ ಸೌಂದರ್ಯ.

ಈ ತೋಟಕ್ಕೂ ನಮ್ಮ ನಾಡಿಗೂ ಒಂದು ವೇದನೆಯ ನಂಟುಂಟು. 1784ರಲ್ಲಿ ಹರ್ಬರ್ಟ್ ಮನೆತನದ ಹೆನ್ರಿಯೆಟ್ಟಾಳು ರಾಬರ್ಟ್ ಕ್ಲೈವನ ಮಗನಾದ ಎಡ್ವರ್ಡನನ್ನು ವರಿಸಿದಳು. ಆತನು 1798ರಿಂದ 1803ರವರೆಗೆ ಮದರಾಸಿನ ಗವರ್ನರನಾಗಿದ್ದನು. ಶ್ರೀರಂಗಪಟ್ಟಣವು ಪತನವಾದ ಮರುವರ್ಷ, 1800ರಲ್ಲಿ, ಈಕೆ ಹೆಣ್ಣುಮಕ್ಕಳನ್ನು ಕರೆದುಕೊಂಡು ಬೆಂಗಳೂರು, ಶ್ರೀರಂಗಪಟ್ಟಣಗಳನ್ನು ಸಂದರ್ಶಿಸಿ, ದಾರಿಯುದ್ದಕ್ಕೂ ಸಸ್ಯಗಳನ್ನು ಸಂಗ್ರಹಿಸಿದಳು. ಟೀಪೂ ಸುಲ್ತಾನನ ಡೇರೆಯೂ ಪೋವಿಸ್ ಕೋಟೆಗೆ ಸೇರಿತು. ಬಿಳಿಯ ಹತ್ತಿಬಟ್ಟೆಯ ಮೇಲೆ ಕಮಾನುಗಳ ನಡುವೆ ಹೂಕುಂಡಗಳನ್ನು ಅಚ್ಚೊತ್ತಿದ ಆ ಡೇರೆಯನ್ನು ಒಂದು ಕಾಲದಲ್ಲಿ ಅಲ್ಲಿಯ ತೋಟದ ಔತಣಗಳಿಗಾಗಿ ಎತ್ತಿ ನಿಲ್ಲಿಸುತ್ತಿದ್ದರಂತೆ. ರಣರಂಗದ ಧೂಳನ್ನು ಕಂಡ ಅರಸನ ಬೀಡು ಪರದೇಶದ ಅತಿಥಿಗಳಿಗೆ ನೆರಳಾದುದನ್ನು ನೆನೆದರೆ ಕನ್ನಡಿಗನ ಮನಸ್ಸು ಕಲಕದೆ ಇರದು.

ಉದ್ಯಾನದ ಪುನರುಜ್ಜೀವನಕ್ಕೆ ಕಾರಣಳಾದವಳು ವಯಲೆಟ್ ಎಂಬ ಕೌಂಟೆಸ್. 1911ರಲ್ಲಿ ತೋಟದ ಆಡಳಿತವನ್ನು ವಹಿಸಿಕೊಂಡ ಆಕೆ, ಬಿರುಗಾಳಿಗೆ ಎಲ್ಮ್ ಮರಗಳುರುಳಿ ಕೆಳಗಣ ತರಕಾರಿಯ ತೋಟವೂ ಗಾಜಿನ ಮನೆಗಳೂ ಕಣ್ಣಿಗೆ ಬಿದ್ದಾಗ, ಅವನ್ನು ತೆಗೆಯಿಸಿ, ಅಲ್ಲಿ ಸೇಬು ಮುಂತಾದ ಹಣ್ಣಿನ ಗಿಡಗಳನ್ನು ಓರಣವಾಗಿ ಬೆಳೆಸಿದ ಹೊಸ ಉದ್ಯಾನವನ್ನು ನಿರ್ಮಿಸಿದಳು. 1952ರಲ್ಲಿ ಇದೆಲ್ಲವೂ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯ ಪಾಲನೆಗೆ ಬಂದಿತು. ಬೇಸಗೆ ಕಳೆಯುವ ಹೊತ್ತಿಗೆ ತೋಟಗಾರರು ಯೂ ಮರಗಳ ಕತ್ತರಿಕೆಗೆ ತೊಡಗಿದರೆ, ಅದು ಮುಗಿಯುವುದು ಶರತ್ಕಾಲವು ಸಾಕಷ್ಟು ಮುಂದುವರಿದ ಮೇಲೆಯೇ.