ಚೀಟಿ ಎತ್ತಿ ಕೊಟ್ಟ ಮದ್ದು

1994ರ ಡಿಸೆಂಬರ್ ತಿಂಗಳ ಒಂದು ದಿನ. ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೊ ನಗರದ ಬಳಿಯಿರುವ ಜೆನೆನ್‌ಟೆಕ್ ಕಂಪೆನಿಯ ಆವರಣದೊಳಕ್ಕೆ ಕಾರುಗಳ ಸಾಲೊಂದು ಶವಯಾತ್ರೆಯಂತೆ ನಿಧಾನವಾಗಿ ಬಂದಿತು. ಬಂದವರು ಸ್ತನ ಕ್ಯಾನ್ಸರ್ ಪೀಡಿತ ಮಹಿಳೆಯರು ಮತ್ತು ಅವರ ಗೆಳತಿಯರು. ಅವರ ಸಂಗಾತಿಯೊಬ್ಬರು, ಸ್ವತಃ ವೈದ್ಯೆಯಾಗಿದ್ದವರು, ಕೆಲವೇ ದಿನಗಳ ಹಿಂದೆ ಅದೇ ರೋಗಕ್ಕೆ ಬಲಿಯಾಗಿದ್ದರು. ಕಂಪೆನಿ ಸಿದ್ಧಪಡಿಸಿದ್ದ ಹೊಸ ಔಷಧ ಕೈಗೆ ಬರುವ ಮೊದಲೇ ಸಾವು ಬಂದಿತ್ತು. ‘ಸಾಯುತ್ತಿರುವವರಿಗೆ ಔಷಧ ಕೊಡಲು ಇನ್ನೇನು ತಡ?’ ಎಂಬುದು ಆ ಹೆಂಗಸರ ಪ್ರಶ್ನೆ. ‘ಅದು ಔಷಧವೇ ಎಂಬುದು ಇನ್ನೂ ಖಚಿತವಾಗಿಲ್ಲವಲ್ಲ’ ಎಂಬುದು ಕಂಪೆನಿಯ ನಿಲುವು.

ಎರಡು ಮಾತುಗಳಲ್ಲೂ ಸತ್ಯವಿತ್ತು. ಮುಂದೆ ಹರ್ಸೆಪ್ಟಿನ್ ಎಂದು ಹೆಸರಾದ ಆ ಔಷಧದ ಕಥೆ, ಈ ಎರಡು ಸತ್ಯಗಳ ನಡುವೆ ದಾರಿ ಹುಡುಕಿದ ಕಥೆ.

ಕಳೆಯ ಜೊತೆ ಪೈರು

ಕ್ಯಾನ್ಸರಿಗೆ ರಾಸಾಯನಿಕ ಚಿಕಿತ್ಸೆ, ಅಂದರೆ ಕೀಮೋಥೆರಪಿ, ಆರಂಭವಾದದ್ದು ಯುದ್ಧದ ವಿಷದಿಂದ. ಮೊದಲ ಮಹಾಯುದ್ಧದಲ್ಲಿ ಸೈನಿಕರನ್ನು ಕೊಂದ ಮಸ್ಟರ್ಡ್ ಅನಿಲದ ಸೋದರ ಸಂಬಂಧಿಯಾದ ನೈಟ್ರೋಜನ್ ಮಸ್ಟರ್ಡನ್ನು 1942ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವೈದ್ಯರು ಮೊದಲ ಬಾರಿಗೆ ರೋಗಿಯೊಬ್ಬನಿಗೆ ಕೊಟ್ಟರು. ಅಲ್ಲಿಂದ ಮುಂದೆ ಬಂದ ಬಹುತೇಕ ಔಷಧಗಳ ಗುಣ ಒಂದೇ: ಬೇಗಬೇಗನೆ ಇಬ್ಭಾಗವಾಗುವ ಜೀವಕೋಶಗಳನ್ನು ಕೊಲ್ಲುವುದು. ಕ್ಯಾನ್ಸರ್ ಕೋಶಗಳು ಹಾಗೆ ಬೆಳೆಯುತ್ತವೆ, ನಿಜ. ಆದರೆ ಕೂದಲಿನ ಬೇರು, ಕರುಳಿನ ಒಳಪದರ, ಮೂಳೆಯ ಮಜ್ಜೆ ಇವುಗಳ ಕೋಶಗಳೂ ಹಾಗೆಯೇ ಬೆಳೆಯುತ್ತವೆ. ಕಳೆಗೆ ಹಾಕಿದ ಮದ್ದು ಪೈರನ್ನೂ ಸುಡುತ್ತಿತ್ತು. ರೋಗ ಸ್ತನದಿಂದ ಮೂಳೆ, ಶ್ವಾಸಕೋಶ, ಯಕೃತ್ತುಗಳಿಗೆ ಹರಡಿದ ಮೇಲೆ ಈ ಚಿಕಿತ್ಸೆ ಸ್ವಲ್ಪ ಕಾಲವನ್ನು ಗಳಿಸಿಕೊಡುತ್ತಿತ್ತೇ ಹೊರತು ಗುಣಪಡಿಸುತ್ತಿರಲಿಲ್ಲ.

ಇಲಿಯಲ್ಲಿ ಸಿಕ್ಕ ಸುಳಿವು

ಬೇರೆ ದಾರಿಯ ಸುಳಿವು 1980ರ ದಶಕದ ಆರಂಭದಲ್ಲಿ ಬಾಸ್ಟನ್ ಬಳಿಯ ಎಂ.ಐ.ಟಿ. ಸಂಸ್ಥೆಯಲ್ಲಿ ಸಿಕ್ಕಿತು. ರಾಬರ್ಟ್ ವೈನ್‌ಬರ್ಗ್ ಅವರ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ಭಾರತೀಯ ವಿಜ್ಞಾನಿ ಲಕ್ಷ್ಮೀಚರಣ ಪಾಢಿ ಮತ್ತು ಸಂಗಡಿಗರು ಇಲಿಗಳ ನರಸಂಬಂಧಿ ಗೆಡ್ಡೆಗಳಲ್ಲಿ ಕ್ಯಾನ್ಸರನ್ನು ಹುಟ್ಟುಹಾಕುವ ಒಂದು ವಂಶವಾಹಿಯ ಜಾಡು ಹಿಡಿದರು. ಅದಕ್ಕೆ ‘ನ್ಯೂ’ ಎಂದು ಹೆಸರಾಯಿತು. ಅದು ತಯಾರಿಸುವ ಪ್ರೋಟೀನು ಕೋಶದ ಹೊರಮೈಯಲ್ಲಿ, ಔಷಧದ ಕೈಗೆಟುಕುವ ಜಾಗದಲ್ಲಿತ್ತು. ಆದರೆ ಆ ಪ್ರಯೋಗಾಲಯ ಹುಡುಕುತ್ತಿದ್ದುದು ಕ್ಯಾನ್ಸರಿನ ಕಾರಣವನ್ನು, ಔಷಧವನ್ನಲ್ಲ.

1985ರಲ್ಲಿ ಜೆನೆನ್‌ಟೆಕ್‌ನ ಜರ್ಮನ್ ವಿಜ್ಞಾನಿ ಆಕ್ಸೆಲ್ ಉಲ್‌ರಿಕ್ ಅವರ ತಂಡ ಮನುಷ್ಯರಲ್ಲಿರುವ ಇದೇ ವಂಶವಾಹಿಯನ್ನು ಬೇರ್ಪಡಿಸಿ ‘ಹರ್-2’ ಎಂದು ಕರೆಯಿತು. ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವೈದ್ಯ ಡೆನಿಸ್ ಸ್ಲಾಮನ್ ತಮ್ಮ ಬಳಿ ಶೇಖರಿಸಿಟ್ಟಿದ್ದ ಗೆಡ್ಡೆಗಳಲ್ಲಿ ಅದನ್ನು ಹುಡುಕಲು ಹೊರಟರು. 1987ರಲ್ಲಿ ಪ್ರಕಟವಾದ ಅವರ ವರದಿ ವೈದ್ಯಲೋಕದ ಗಮನ ಸೆಳೆಯಿತು. 189 ಸ್ತನ ಗೆಡ್ಡೆಗಳಲ್ಲಿ ಸುಮಾರು ಶೇ. 30ರಲ್ಲಿ ಹರ್-2ರ ಪ್ರತಿಗಳು ಲೆಕ್ಕಕ್ಕಿಂತ ಹೆಚ್ಚಾಗಿದ್ದವು. ಅಂಥ ಮಹಿಳೆಯರಲ್ಲಿ ರೋಗ ಬೇಗ ಮರುಕಳಿಸುತ್ತಿತ್ತು, ಆಯುಷ್ಯ ಕಡಿಮೆಯಾಗುತ್ತಿತ್ತು. (ಈ ಪ್ರಮಾಣ ಶೇ. 15ರಿಂದ 20 ಎಂಬುದು ಇಂದಿನ ಅಂದಾಜು.)

ಹಾಗಾದರೆ ಆ ಪ್ರೋಟೀನಿಗೇ ಬೀಗ ಹಾಕಿದರೆ? ಒಂದೇ ಗುರಿಗೆ ಅಂಟಿಕೊಳ್ಳುವ ಪ್ರತಿಕಾಯಗಳನ್ನು ಬೇಕಾದಷ್ಟು ತಯಾರಿಸುವ ವಿಧಾನವನ್ನು ಕೋಹ್ಲರ್ ಮತ್ತು ಮಿಲ್‌ಸ್ಟೈನ್ 1975ರಲ್ಲೇ ತೋರಿಸಿಕೊಟ್ಟಿದ್ದರು. ತೊಡಕೆಂದರೆ ಅವು ಇಲಿಯ ಪ್ರತಿಕಾಯಗಳು; ಮನುಷ್ಯನ ದೇಹ ಅವನ್ನು ಪರಕೀಯವೆಂದು ಹೊರದೂಡುತ್ತದೆ. ಗುರಿಗೆ ಅಂಟುವ ತುದಿಯನ್ನಷ್ಟೇ ಇಲಿಯದಾಗಿ ಉಳಿಸಿ, ಉಳಿದುದನ್ನು ಮನುಷ್ಯನದಾಗಿ ಬದಲಿಸುವ ಕುಶಲ ಕೆಲಸವನ್ನು ಜೆನೆನ್‌ಟೆಕ್‌ನ ಪಾಲ್ ಕಾರ್ಟರ್ ತಂಡ ಮಾಡಿತು. ಅದರ ವರದಿ 1992ರಲ್ಲಿ ಪ್ರಕಟವಾಯಿತು. ಹೀಗೆ ಹುಟ್ಟಿದ್ದು ಟ್ರಾಸ್ಟುಜುಮ್ಯಾಬ್. ಇದರ ವ್ಯಾಪಾರದ ಹೆಸರೇ ಹರ್ಸೆಪ್ಟಿನ್.

ಹೋಲಿಕೆ ಏಕೆ ಬೇಕು?

ಮೊದಲ ಪ್ರಯೋಗಗಳಲ್ಲಿ ಕೆಲವರ ಗೆಡ್ಡೆಗಳು ಕರಗಿದ ಸುದ್ದಿ ಹಬ್ಬಿತು. ಕೈಗೆ ಬಂದ ತುತ್ತು ಬಾಯಿಗೆ ಬರದ ಸ್ಥಿತಿ ರೋಗಿಗಳದಾಯಿತು. ಕೇಳಿದವರಿಗೆಲ್ಲ ಔಷಧ ಕೊಟ್ಟುಬಿಟ್ಟರೆ ಏನಾಗುತ್ತದೆ? ಉತ್ತರಕ್ಕೆ ಬಹಳ ದೂರ ಹೋಗಬೇಕಿರಲಿಲ್ಲ. ಅದೇ ದಶಕದಲ್ಲಿ ಸಾವಿರಾರು ಮಹಿಳೆಯರು ಇನ್ನೊಂದು ಚಿಕಿತ್ಸೆಗೆ ಒಳಗಾಗುತ್ತಿದ್ದರು. ರೋಗಿಯ ಮಜ್ಜೆಯನ್ನು ಮೊದಲೇ ತೆಗೆದಿಟ್ಟು, ಜೀವಕ್ಕೇ ಅಪಾಯವಾಗುವಷ್ಟು ಕೀಮೋಥೆರಪಿ ಕೊಟ್ಟು, ಅನಂತರ ಮಜ್ಜೆಯನ್ನು ಹಿಂದಿರುಗಿಸುವ ಕ್ರಮ ಅದು. ಖರ್ಚು ಭರಿಸಲು ಒಪ್ಪದ ವಿಮಾ ಸಂಸ್ಥೆಯೊಂದರ ವಿರುದ್ಧ 1993ರಲ್ಲಿ ಕ್ಯಾಲಿಫೋರ್ನಿಯಾದ ಜ್ಯೂರಿ 8.9 ಕೋಟಿ ಡಾಲರ್ ಪರಿಹಾರ ವಿಧಿಸಿತು. ಪರೀಕ್ಷೆಯ ಹೊರಗೇ ಚಿಕಿತ್ಸೆ ದೊರೆಯುವಾಗ ಪರೀಕ್ಷೆಗೆ ಸೇರುವವರು ಯಾರು? ಉತ್ತರ ಬರಲು ವರ್ಷಗಳೇ ಹಿಡಿದವು. 1999ರಲ್ಲಿ ಹೊರಬಂದ ಐದು ಅಧ್ಯಯನಗಳಲ್ಲಿ ನಾಲ್ಕು, ಈ ಚಿಕಿತ್ಸೆಯಿಂದ ಆಯುಷ್ಯ ಹೆಚ್ಚುವುದಿಲ್ಲ ಎಂದವು. ಲಾಭವಿದೆ ಎಂದ ಐದನೆಯದು, ದಕ್ಷಿಣ ಆಫ್ರಿಕದ್ದು, ಮೋಸವೆಂದು 2000ದಲ್ಲಿ ಬಯಲಾಯಿತು.

ಹರ್ಸೆಪ್ಟಿನ್ ಆ ಹಾದಿ ಹಿಡಿಯಬಾರದೆಂದರೆ ಹೋಲಿಕೆ ಅನಿವಾರ್ಯವಾಗಿತ್ತು. ಒಂದೇ ಬಗೆಯ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಕೀಮೋಥೆರಪಿ ಮಾತ್ರ, ಇನ್ನೊಂದಕ್ಕೆ ಅದರೊಡನೆ ಹೊಸ ಔಷಧ. ಯಾರಿಗೆ ಯಾವುದು ಎಂಬುದನ್ನು ವೈದ್ಯರೂ ಆರಿಸುವಂತಿಲ್ಲ. ಆರಿಸಿದರೆ ಗಟ್ಟಿಮುಟ್ಟಾದವರೆಲ್ಲ ಒಂದೇ ಕಡೆ ಸೇರಿಬಿಡಬಹುದು.

ಮೊದಲ ಯೋಜನೆಯಲ್ಲಿ ಒಂದು ಗುಂಪಿನವರ ರಕ್ತನಾಳಕ್ಕೆ ಔಷಧವಿಲ್ಲದ ಬರಿಯ ದ್ರವವನ್ನು ಹರಿಸುವ ಕ್ರಮವೂ ಇತ್ತು. ಮಹಿಳೆಯರು ಒಪ್ಪಲಿಲ್ಲ, ಸೇರುವವರ ಸಂಖ್ಯೆ ಕುಂಟಿತು. ಆಗ ಫ್ರಾನ್ ವಿಸ್ಕೊ ಅವರ ನೇತೃತ್ವದ ರಾಷ್ಟ್ರೀಯ ಸ್ತನ ಕ್ಯಾನ್ಸರ್ ಒಕ್ಕೂಟದೊಡನೆ ಕಂಪೆನಿ ಮಾತುಕತೆಗೆ ಕುಳಿತಿತು. ಹುಸಿ ಔಷಧವನ್ನು ಕೈಬಿಡಲಾಯಿತು. ಕೀಮೋಥೆರಪಿ ಮಾತ್ರ ಪಡೆದವರಿಗೂ ರೋಗ ಉಲ್ಬಣಿಸಿದರೆ ಹೊಸ ಔಷಧ ಕೊಡುವ ಏರ್ಪಾಡಾಯಿತು. ಪರೀಕ್ಷೆಗೆ ಹೊಂದದವರಿಗೆ ಇದ್ದಷ್ಟು ಔಷಧವನ್ನು ಲಾಟರಿ ಎತ್ತಿ ಹಂಚಲಾಯಿತು. ಬೀದಿಯಲ್ಲಿ ಕೂಗಿದ ಹೋರಾಟಗಾರರೇ ಪರೀಕ್ಷೆಗೆ ಜನರನ್ನು ಕರೆತರಲು ನೆರವಾದರು.

ಲೆಕ್ಕ ಹೇಳಿದ್ದು

1998ರ ಮೇ ತಿಂಗಳಲ್ಲಿ ಲಾಸ್ ಏಂಜಲೀಸಿನ ಸಮ್ಮೇಳನದಲ್ಲಿ ಫಲಿತಾಂಶ ಹೊರಬಿತ್ತು. ಸೆಪ್ಟೆಂಬರ್ 25ರಂದು ಅಮೆರಿಕ ಸರ್ಕಾರದ ಅನುಮತಿ ದೊರೆಯಿತು. ಪೂರ್ಣ ವರದಿ 2001ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪ್ರಕಟವಾಯಿತು. 469 ಮಹಿಳೆಯರಲ್ಲಿ ಕೀಮೋಥೆರಪಿ ಮಾತ್ರ ಪಡೆದವರ ಪೈಕಿ ಶೇ. 32 ಮಂದಿಯ ಗೆಡ್ಡೆ ಕುಗ್ಗಿತ್ತು. ಹರ್ಸೆಪ್ಟಿನ್ ಸೇರಿದಾಗ ಶೇ. 50. ರೋಗ ಮತ್ತೆ ತಲೆಯೆತ್ತುವ ಅವಧಿ 4.6 ತಿಂಗಳಿಂದ 7.4 ತಿಂಗಳಿಗೆ, ಬದುಕಿನ ಅವಧಿ 20.3ರಿಂದ 25.1 ತಿಂಗಳಿಗೆ ಹೆಚ್ಚಿತ್ತು. ಮೊದಲ ಗುಂಪಿನ ಮೂರರಲ್ಲಿ ಎರಡು ಪಾಲು ಮಂದಿ ಅನಂತರ ಹರ್ಸೆಪ್ಟಿನ್ ಪಡೆದಿದ್ದರೂ ಈ ಅಂತರ ಉಳಿಯಿತು.

ಯಾರೂ ನಿರೀಕ್ಷಿಸಿರದ ಇನ್ನೊಂದು ಸಂಗತಿಯನ್ನೂ ಅದೇ ಲೆಕ್ಕ ಹೊರಗೆಡವಿತು. ಆಂತ್ರಸೈಕ್ಲಿನ್ ಎಂಬ ಬಗೆಯ ಕೀಮೋಥೆರಪಿಯೊಡನೆ ಹರ್ಸೆಪ್ಟಿನ್ ಪಡೆದವರಲ್ಲಿ ಶೇ. 27 ಮಂದಿಯ ಹೃದಯ ದುರ್ಬಲವಾಗಿತ್ತು. ಆಂತ್ರಸೈಕ್ಲಿನ್ ತಾನೂ ಹೃದಯಕ್ಕೆ ಹಾನಿಕರವೇ; ಅದೊಂದನ್ನೇ ಪಡೆದವರಲ್ಲಿ ಪ್ರಮಾಣ ಶೇ. 8 ಇತ್ತು. ಹೋಲಿಸಲು ಎರಡನೆಯ ಗುಂಪು ಇಲ್ಲದಿದ್ದರೆ ತಪ್ಪೆಲ್ಲ ಹಳೆಯ ಔಷಧದ ತಲೆಗೆ ಕಟ್ಟಿ ಮುಂದೆ ಸಾಗಬಹುದಿತ್ತು. ಈ ಎರಡನ್ನೂ ಒಟ್ಟಿಗೆ ಕೊಡಬಾರದೆಂಬ ಪಾಠ ಸಿಕ್ಕಿದ್ದರಿಂದಲೇ, ಆರಂಭದ ಹಂತದ ರೋಗಿಗಳ ಮೇಲಿನ ಪ್ರಯೋಗಗಳಲ್ಲಿ ಒಂದರ ನಂತರ ಇನ್ನೊಂದನ್ನು ಕೊಡುವ ಕ್ರಮ ಬಂತು. 2005ರಲ್ಲಿ ಬಂದ ಆ ಫಲಿತಾಂಶಗಳ ಪ್ರಕಾರ, ಶಸ್ತ್ರಚಿಕಿತ್ಸೆಯ ಬಳಿಕ ಹರ್ಸೆಪ್ಟಿನ್ ಪಡೆದವರಲ್ಲಿ ರೋಗ ಮರುಕಳಿಸುವುದು ಸುಮಾರು ಅರ್ಧಕ್ಕೆ ಇಳಿದಿತ್ತು.

ಬೆಂಗಳೂರಿನ ಅಧ್ಯಾಯ

ಉಳಿದದ್ದು ಬೆಲೆಯ ಪ್ರಶ್ನೆ. ಬೆಂಗಳೂರಿನ ಬಯೋಕಾನ್ ಮತ್ತು ಅಮೆರಿಕದ ಮೈಲಾನ್ ಕಂಪೆನಿಗಳು ಇದೇ ಔಷಧದ ಸಮಾನ ರೂಪವನ್ನು ಸಿದ್ಧಪಡಿಸಿದವು. 2014ರಲ್ಲಿ ಅದು ಭಾರತದ ಮಾರುಕಟ್ಟೆಗೆ ಬಂತು. ಜೀವಕೋಶಗಳಲ್ಲಿ ಬೆಳೆಸುವ ಇಂಥ ಔಷಧ ಮಾತ್ರೆಯಂತೆ ಪಡಿಯಚ್ಚಾಗಿ ಬರುವುದಿಲ್ಲ. ಆದ್ದರಿಂದ ಮತ್ತೆ ಹೋಲಿಕೆ ನಡೆಯಿತು. 2017ರ ವರದಿಯಂತೆ ಹೊಸ ರೂಪಕ್ಕೆ ಶೇ. 69.6, ಮೂಲಕ್ಕೆ ಶೇ. 64 ಮಂದಿಯ ಗೆಡ್ಡೆಗಳು ಮಣಿದಿದ್ದವು. ಮೊದಲೇ ಗೊತ್ತುಪಡಿಸಿದ ಮಿತಿಯೊಳಗೆ ಎರಡೂ ಸಮಾನ. ಅದೇ ಡಿಸೆಂಬರಿನಲ್ಲಿ ಅಮೆರಿಕ ಒಪ್ಪಿಗೆಯಿತ್ತ ಟ್ರಾಸ್ಟುಜುಮ್ಯಾಬ್‌ನ ಮೊದಲ ಸಮಾನ ರೂಪ ಇದು.

2022ರ ಜೂನ್‌ನಲ್ಲಿ ಷಿಕಾಗೋದ ಸಮ್ಮೇಳನದಲ್ಲಿ ವೈದ್ಯರು ಎದ್ದುನಿಂತು ಚಪ್ಪಾಳೆ ತಟ್ಟಿದರು. ಅದೇ ಪ್ರತಿಕಾಯದ ಬೆನ್ನಿಗೆ ಕೀಮೋಥೆರಪಿಯನ್ನು ಕಟ್ಟಿ ಕಳಿಸುವ ಟ್ರಾಸ್ಟುಜುಮ್ಯಾಬ್ ಡೆರಕ್ಸ್‌ಟೆಕಾನ್ ಎಂಬ ಔಷಧವನ್ನು ಬರಿಯ ಕೀಮೋಥೆರಪಿಯೊಡನೆ ಹೋಲಿಸಲಾಗಿತ್ತು. ಹರ್-2 ತೀರ ಕಡಿಮೆ ಎಂಬ ಕಾರಣಕ್ಕೆ ಹಿಂದೆ ‘ಇದು ನಿಮಗಲ್ಲ’ ಎನಿಸಿಕೊಂಡಿದ್ದ ಮಹಿಳೆಯರ ಬದುಕು 16.8 ತಿಂಗಳಿಂದ 23.4 ತಿಂಗಳಿಗೆ ಹಿಗ್ಗಿತ್ತು. ಶ್ವಾಸಕೋಶದ ಉರಿಯೂತ ಕೆಲವರ ಜೀವ ತೆಗೆದದ್ದೂ ಲೆಕ್ಕಕ್ಕೆ ಬಂತು.

ಆ ಪರೀಕ್ಷೆಗೆ ಸೇರಿದವರು 557 ಮಂದಿ. ಅವರಲ್ಲಿ 184 ಮಂದಿಗೆ ಚೀಟಿಯಲ್ಲಿ ಬಂದದ್ದು ಹಳೆಯ ಚಿಕಿತ್ಸೆ. ಅವರ ಹೆಸರು ಯಾವ ವರದಿಯಲ್ಲೂ ಇಲ್ಲ. ಆದರೆ ಅವರು ಒಪ್ಪದೆ ಹೋಗಿದ್ದರೆ, ಹೊಸ ಔಷಧ ಗೆದ್ದಿತೆಂದು ಹೇಳಲು ಯಾರಿಗೂ ಸಾಧ್ಯವಾಗುತ್ತಿರಲಿಲ್ಲ.