ಕತ್ತಲೆಕಾನಿನ ಎರಡು ಮರಗಳು: ನೇರಳೆಯ ಕುಲದಲ್ಲಿ ಹೊಸ ಪ್ರಭೇದದ ನಿರ್ಣಯ

ಉತ್ತರ ಕನ್ನಡ ಜಿಲ್ಲೆ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ಬೇಸಿಗೆಯಲ್ಲೂ ಒಣಗದ ಕೆಲವು ಜೌಗು ತಗ್ಗುಗಳಿವೆ. ಇಂಥ ಜಾಗಕ್ಕೆ ಆ ಕಡೆ ಜಡ್ಡಿ ಎನ್ನುತ್ತಾರೆ. ರಾಮಪತ್ರೆಯ ಬಳಗದ ಮರಗಳು ಮಂಡಿ ಮಡಚಿದಂಥ ಉಸಿರುಬೇರುಗಳನ್ನು ಕೆಸರಿನಿಂದ ಮೇಲೆತ್ತಿ ನಿಂತಿರುವ ಈ ಜಡ್ಡಿಗಳಲ್ಲಿ ಎರಡು ಅಪರೂಪದ ಮರಗಳು ದಾಖಲಾಗಿವೆ. ಒಂದು ಗೇರಿನ ಕುಟುಂಬದ್ದು. ದಾಸಪ್ಪ ಮತ್ತು ಸ್ವಾಮಿನಾಥ್ ಅದನ್ನು 2000ರಲ್ಲಿ ವಿಜ್ಞಾನಕ್ಕೆ ಹೊಸತೆಂದು ವಿವರಿಸಿ, ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಊರಿನ ಹೆಸರನ್ನೇ ಇಟ್ಟರು. ಇನ್ನೊಂದು ನೇರಳೆ, ಪೇರಲೆ, ಲವಂಗಗಳ ಮಿರ್ಟೇಸಿ ಕುಟುಂಬದ್ದು. ಅದಕ್ಕೆ ಹೊಸ ಹೆಸರು ಬೇಕಾಗಲಿಲ್ಲ. ನೂರಾರು ಕಿಲೋಮೀಟರ್ ದಕ್ಷಿಣದ ತಿರುವಾಂಕೂರಿನ ಮರವೊಂದಕ್ಕೆ ಗ್ಯಾಂಬಲ್ 1918ರಲ್ಲಿ ಕೊಟ್ಟಿದ್ದ ಸಿಜೀಜಿಯಮ್ ತ್ರಾವಂಕೋರಿಕಮ್ ಎಂಬ ಹೆಸರು ಅದಕ್ಕೆ ಸಲ್ಲುತ್ತಿತ್ತು. ಉತ್ತರ ಕನ್ನಡದ ಜಡ್ಡಿಗಳಲ್ಲಿ ಈ ಮರ ಇರುವುದನ್ನು ಎಂ. ಡಿ. ಸುಭಾಷ್ ಚಂದ್ರನ್ ಮತ್ತು ಅವರ ಸಂಗಡಿಗರು ಬೆಳಕಿಗೆ ತಂದರು.

ಒಂದೇ ನೆಲದ ಈ ಎರಡು ಮರಗಳನ್ನು ಎದುರಿಗಿಟ್ಟುಕೊಂಡು ಈ ಟಿಪ್ಪಣಿ ಬರೆಯುತ್ತಿದ್ದೇನೆ. ಮಿರ್ಟೇಸಿಯಲ್ಲಿ, ಅದರಲ್ಲೂ ಸಿಜೀಜಿಯಮ್ ಕುಲದಲ್ಲಿ, ಮರವೊಂದು ಜಿಲ್ಲೆಯ ಸಸ್ಯಕೋಶದಲ್ಲಿ ಇಲ್ಲ ಎಂಬುದು ಹೊಸತನಕ್ಕೆ ಸಾಕ್ಷಿಯಾಗಲಾರದು ಎಂಬುದು ನನ್ನ ವಾದ. ಹೂವು, ಹಣ್ಣು ಎರಡನ್ನೂ ಕೈಯಲ್ಲಿಟ್ಟುಕೊಂಡು ಹಳೆಯ ಹೆಸರುಗಳ ಮೂಲ ಹಾಳೆಗಳ ಜೊತೆ ಹೋಲಿಸಿದ ಮೇಲೆಯೇ ಆ ಮಾತು ಆಡಬೇಕು.

ಕುಲದ ಗಾತ್ರವೇ ಇಷ್ಟು ಎಚ್ಚರಿಕೆಗೆ ಮೊದಲ ಕಾರಣ. ಸುಮಾರು 1200 ಪ್ರಭೇದಗಳಿರುವ ಸಿಜೀಜಿಯಮ್ ಜಗತ್ತಿನ ಮರಗಳ ಕುಲಗಳಲ್ಲೆಲ್ಲ ದೊಡ್ಡದು. ಆಫ್ರಿಕಾದಿಂದ ಪೆಸಿಫಿಕ್ ದ್ವೀಪಗಳವರೆಗೆ ಅದರ ಹರಹು. 2022ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದು ಈ ಕುಲ ಆಸ್ಟ್ರೇಲಿಯಾ–ನ್ಯೂಗಿನಿ ಭಾಗದಲ್ಲಿ ಹುಟ್ಟಿ ಪಶ್ಚಿಮಕ್ಕೆ ಹರಡಿತೆಂದೂ, ಹರಡುತ್ತ ಹೋದಂತೆ ಅಲ್ಪಕಾಲದಲ್ಲೇ ಅನೇಕ ಕವಲುಗಳಾಗಿ ಒಡೆಯಿತೆಂದೂ ತೋರಿಸಿತು. ಅಷ್ಟು ಬೇಗ ಕವಲೊಡೆದ ಗುಂಪಿನಲ್ಲಿ ಅಕ್ಕಪಕ್ಕದ ಪ್ರಭೇದಗಳ ನಡುವಿನ ಅಂತರ ಸಣ್ಣದಾಗಿರುವುದು ಸಹಜ. ಆ ಸಣ್ಣ ಅಂತರವನ್ನು ಒಂದೇ ಪ್ರಭೇದದೊಳಗಿನ ಏರುಪೇರಿನಿಂದ ಬೇರ್ಪಡಿಸುವುದೇ ವರ್ಗೀಕರಣಕಾರನ ಕೆಲಸ.

ಎರಡನೆಯ ಕಾರಣ ಹೆಸರುಗಳ ಇತಿಹಾಸ. ನಮ್ಮ ನೇರಳೆಯನ್ನೇ ನೋಡಿ. ಲಿನ್ನೇಯಸ್ 1753ರಲ್ಲಿ ಅದನ್ನು ಮಿರ್ಟಸ್ ಕುಲದಲ್ಲಿಟ್ಟ. ಮುಂದೆ ಅದು ಯುಜೀನಿಯಾ ಜಂಬೊಲಾನಾ ಎಂದೂ ಹೆಸರಾಯಿತು. ಈಗಿನ ಸಿಜೀಜಿಯಮ್ ಕ್ಯುಮಿನಿ ಎಂಬ ಜೋಡಣೆ 1912ರದು. ಹೂಕರ್ ಸಂಪಾದಿಸಿದ ಬ್ರಿಟಿಷ್ ಇಂಡಿಯಾದ ಸಸ್ಯಕೋಶದ ಎರಡನೆಯ ಸಂಪುಟದಲ್ಲಿ (1879) ಡಥೀ ಈ ಬಳಗವನ್ನೆಲ್ಲ ಯುಜೀನಿಯಾದೊಳಗೆ ಸೇರಿಸಿದ್ದ. ಮದ್ರಾಸ್ ಪ್ರಾಂತದ ಸಸ್ಯಕೋಶ ಬರೆದ ಗ್ಯಾಂಬಲ್ ಅದನ್ನು ಮತ್ತೆ ಸಿಜೀಜಿಯಮ್, ಜಂಬೋಸಾ, ಯುಜೀನಿಯಾ ಎಂದು ಒಡೆದ. ಹಾಗಾಗಿ ಪಶ್ಚಿಮ ಘಟ್ಟದ ಒಂದು ಮರದ ಹಳೆಯ ವಿವರಣೆ ಈ ಮೂರರಲ್ಲಿ ಯಾವ ಹೆಸರಿನ ಕೆಳಗಾದರೂ ಅಡಗಿರಬಹುದು. ಸಿಜೀಜಿಯಮ್ ಎಂದಷ್ಟೇ ಹುಡುಕಿ ನಿಲ್ಲಿಸಿದವರಿಗೆ ಅದು ಸಿಗುವುದಿಲ್ಲ.

ಯುಜೀನಿಯಾ–ಸಿಜೀಜಿಯಮ್ ಜಗಳ ಬಗೆಹರಿಯಲು 1972ರವರೆಗೆ ಕಾಯಬೇಕಾಯಿತು. ರುಡಾಲ್ಫ್ ಶ್ಮಿಡ್ ಹೂವಿನ ಒಳರಚನೆಯನ್ನು ಸೀಳಿ ನೋಡಿ, ಅಂಡಕಗಳಿಗೆ ಆಹಾರ ಒಯ್ಯುವ ನಾಳಗಳ ದಾರಿಯೇ ಬೇರೆ ಎಂದು ತೋರಿಸಿದ. ಸಿಜೀಜಿಯಮ್‌ನಲ್ಲಿ ಅವು ಅಂಡಾಶಯದ ನಡುಗಂಬದಿಂದ ಬರುತ್ತವೆ, ಯುಜೀನಿಯಾದಲ್ಲಿ ಕೋಣೆಗಳ ನಡುವಿನ ಅಡ್ಡಗೋಡೆಯನ್ನು ಹಾಯ್ದು ಬರುತ್ತವೆ. ಕಾಡಿನಲ್ಲಿ ನಿಂತವರಿಗೆ ಇದು ಕಾಣದು ನಿಜ. ಆದರೆ ಸಿಜೀಜಿಯಮ್‌ನ ಎಲೆ, ಹೂಗೊಂಚಲು ಸಾಮಾನ್ಯವಾಗಿ ರೋಮರಹಿತ. ಯುಜೀನಿಯಾದಲ್ಲಿ ಎಳೆಯ ಭಾಗಗಳ ಮೇಲೆ ರೋಮ ಇರುವುದುಂಟು. ಬೀಜವನ್ನು ಒಡೆದರೆ ಯುಜೀನಿಯಾದ ಬೀಜದಳಗಳು ಬೆಸೆದುಕೊಂಡು ಒಂದೇ ಮುದ್ದೆಯಂತಿರುತ್ತವೆ, ಸಿಜೀಜಿಯಮ್‌ನವು ಎರಡಾಗಿ ಬಿಡಿಸಿಕೊಳ್ಳುತ್ತವೆ. ಹಣ್ಣಿಲ್ಲದ ಸಂಗ್ರಹದಿಂದ ಕುಲವನ್ನೇ ನಿರ್ಧರಿಸುವುದು ಕಷ್ಟವಾಗುವ ಸಂದರ್ಭ ಇರುವಾಗ, ಪ್ರಭೇದದ ಮಾತು ಇನ್ನೂ ದೂರದ್ದು.

ಇನ್ನು ಮರದ ಬುಡದಲ್ಲಿ ಮಾಡಬೇಕಾದ ಕೆಲಸ. ಜಡ್ಡಿಯ ಮಬ್ಬಿನಲ್ಲಿ ಮೇಲಿನ ಹೂವು ಕಾಣುವುದಿಲ್ಲ. ದೋಟಿಗೆ ಸಿಕ್ಕ ರೆಂಬೆ ಮತ್ತು ಕೆಳಗೆ ಉದುರಿದ ಕೇಸರಗಳೇ ಮೊದಲ ಸುಳಿವು. ಎಲೆಗಳು ಎದುರುಬದುರಾಗಿದ್ದು, ಒಂದನ್ನು ಬೆಳಕಿಗೆ ಹಿಡಿದಾಗ ಸೂಜಿಮೊನೆಯಷ್ಟು ಎಣ್ಣೆಗ್ರಂಥಿಗಳು ತೂರಿಬಂದ ಬೆಳಕಿನ ಚುಕ್ಕಿಗಳಾಗಿ ಕಂಡರೆ, ಪಕ್ಕದ ನರಗಳು ಅಂಚು ಮುಟ್ಟುವ ಮೊದಲೇ ಒಂದರೊಡನೊಂದು ಕೂಡಿ ಅಂಚಿಗೆ ಸಮಾನಾಂತರವಾಗಿ ಓಡುವ ಒಂದು ನರವಾದರೆ, ಉಜ್ಜಿದಾಗ ಘಮ ಬಂದರೆ, ಮಿರ್ಟೇಸಿ ಎನ್ನಲು ಅಡ್ಡಿಯಿಲ್ಲ. ಅಲ್ಲೇ ಬೆಳೆಯುವ ಸೆಮೆಕಾರ್ಪಸ್‌ನಲ್ಲಿ ಎಲೆಗಳು ಒಂದಾದ ಮೇಲೊಂದು ಪರ್ಯಾಯವಾಗಿ ಹುಟ್ಟುತ್ತವೆ. ಅದರ ಸೊನೆ ಗಾಳಿಗೆ ಕಪ್ಪಾಗುತ್ತದೆ, ಮೈಗೆ ತಗುಲಿದರೆ ಸುಡುತ್ತದೆ.

ಕುಟುಂಬ ತಿಳಿದ ಮೇಲೆ ಮೊಗ್ಗಿನ ಕಡೆ ಬರಬೇಕು. ಹತ್ತುಪಟ್ಟು ಹಿಗ್ಗಿಸುವ ಮಸೂರದ ಕೆಳಗೆ ಅರಳಲಿರುವ ಮೊಗ್ಗನ್ನು ಹಿಡಿದರೆ, ಕೆಲವು ಪ್ರಭೇದಗಳಲ್ಲಿ ದಳಗಳು ಒಂದಕ್ಕೊಂದು ಅಂಟಿಕೊಂಡು ಮುಚ್ಚಳವಾಗಿ ಇಡಿಯಾಗಿ ಕಳಚುವುದು ಕಾಣುತ್ತದೆ. ಉಳಿದವುಗಳಲ್ಲಿ ದಳಗಳು ಬಿಡಿಬಿಡಿಯಾಗಿ ಉದುರುತ್ತವೆ. ಮೊಗ್ಗನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿದರೆ ಹೂಬಟ್ಟಲಿನ ಆಳ, ಅದು ಕೆಳಗೆ ಸೊರಗಿ ತೊಟ್ಟಿನಂತಾಗುವ ಬಗೆ, ಅಂಡಾಶಯದ ಕೋಣೆಗಳು, ಒಂದೊಂದು ಕೋಣೆಯಲ್ಲಿ ಇರುವ ಅಂಡಕಗಳು ಕಾಣುತ್ತವೆ. ಈ ವಿವರಗಳು ಒಣಹಾಳೆಯಲ್ಲಿ ಚಪ್ಪಟೆಯಾಗಿ ಹೋಗುತ್ತವೆ. ಅದಕ್ಕೆಂದೇ ಕೆಲವು ಹೂಗಳನ್ನು ಶೇಕಡಾ 70ರ ಆಲ್ಕೋಹಾಲಿನಲ್ಲಿ ಇಡಬೇಕು. ಹಣ್ಣಿನ ಬಣ್ಣ, ತೊಗಟೆಯ ಒಳಬಣ್ಣ, ವಾಸನೆ ಇವನ್ನು ಮರದ ಕೆಳಗೇ ಬರೆದುಕೊಳ್ಳಬೇಕು. ಒಣಗಿದ ಮೇಲೆ ಅವನ್ನು ಮರಳಿ ಪಡೆಯಲಾಗದು. ಪ್ರಕಟಣೆಯಲ್ಲಿ ಕೊಡುವ ಅಳತೆ ಹಸಿಯದೋ, ಒಣಗಿದ್ದೋ, ಆಲ್ಕೋಹಾಲಿನಲ್ಲಿಟ್ಟದ್ದೋ ಎಂದು ಹೇಳದಿದ್ದರೆ ಮುಂದಿನವರು ಅದನ್ನು ಹೋಲಿಕೆಗೆ ಬಳಸುವಂತಿಲ್ಲ.

ಎಲೆಯ ಅಳತೆಯ ಮೇಲೆ ಮಾತ್ರ ನಿಂತ ಹೊಸ ಪ್ರಭೇದಗಳ ಬಗ್ಗೆ ನನಗೆ ನಂಬಿಕೆ ಕಡಿಮೆ. ಕಡಿದ ಬುಡದ ಚಿಗುರಿನಲ್ಲಿ, ನೆರಳಿನ ಸಸಿಯಲ್ಲಿ, ನೆತ್ತಿಯ ಬಿಸಿಲಿನ ರೆಂಬೆಯಲ್ಲಿ ಒಂದೇ ಪ್ರಭೇದದ ಎಲೆಗಳು ಬೇರೆಬೇರೆ ಗಾತ್ರದವು. ಜೊತೆಗೆ ನೇರಳೆ, ಪನ್ನೇರಳೆಗಳಲ್ಲಿ ಒಂದೇ ಬೀಜದಿಂದ ಹಲವು ಸಸಿಗಳು ಹುಟ್ಟುವುದು ಗೊತ್ತಿರುವ ಸಂಗತಿ. ಅವುಗಳಲ್ಲಿ ಕೆಲವು ಪರಾಗದ ಪಾಲಿಲ್ಲದೆ ತಾಯಿಯ ಅಂಗಾಂಶದಿಂದಲೇ ಬಂದವು. ಒಂದು ಮರದ ಸಣ್ಣ ವೈಚಿತ್ರ್ಯ ಹೀಗೆ ಸುತ್ತಲಿನ ಹಲವು ಮರಗಳಲ್ಲಿ ಹಾಗೆಯೇ ಮರುಕಳಿಸಬಹುದು. ಹತ್ತಿರ ಹತ್ತಿರದ ಐದಾರು ಮರಗಳಲ್ಲಿ ಒಂದೇ ಲಕ್ಷಣ ಕಂಡಿತೆಂದು ಅದನ್ನು ಐದಾರು ಸಾಕ್ಷಿಗಳೆಂದು ಲೆಕ್ಕಹಾಕಬಾರದು. ಬೇರೆ ಕಣಿವೆಯ, ಬೇರೆ ಜಡ್ಡಿಯ ಮರಗಳನ್ನೂ ನೋಡಬೇಕು.

ಇಷ್ಟಾದ ಮೇಲೆ ಹೋಲಿಕೆ. ಪ್ರತಿ ಹೆಸರಿನ ಹಿಂದೆಯೂ ಒಂದು ಮೂಲ ನಮೂನೆ ಇರುತ್ತದೆ. ಆ ಹೆಸರು ಯಾವ ಸಸ್ಯಕ್ಕೆ ಸಲ್ಲಬೇಕೆಂಬ ತಕರಾರು ಬಂದರೆ ತೀರ್ಮಾನ ಅದರ ಮೇಲೆಯೇ. ಸಿಜೀಜಿಯಮ್ ಕುಲದ ಹೆಸರಿಗೂ ಇಂಥ ಆಧಾರವಿದೆ. 1788ರಲ್ಲಿ ಗೇರ್ಟ್ನರ್ ವಿವರಿಸಿದ ಆ ಗಿಡ ನಮ್ಮ ಕರಾವಳಿಯವರು ಕುಂಟಾಲ, ಕುಂಟುನೇರಳೆ ಎಂದು ಹಣ್ಣು ತಿನ್ನುವ ಪ್ರಭೇದವೇ. ದಕ್ಷಿಣ ಭಾರತದ ಹಳೆಯ ಮೂಲ ಹಾಳೆಗಳು ಹೆಚ್ಚಾಗಿ ಲಂಡನ್ನಿನ ಕ್ಯೂ, ಹೌರಾ, ಕೊಯಮತ್ತೂರಿನ ಸಸ್ಯಸಂಗ್ರಹಾಲಯಗಳಲ್ಲಿವೆ. ಈಗ ಅನೇಕವುಗಳ ಚಿತ್ರ ಕಂಪ್ಯೂಟರಿನಲ್ಲೇ ಸಿಗುತ್ತದೆ. ನರಗಳ ಜಾಡು, ಹೂಗೊಂಚಲಿನ ಕವಲು ನೋಡಲು ಅದು ಸಾಕು, ಅಂಡಾಶಯದ ಒಳಗನ್ನು ನೋಡಲು ಸಾಲದು.

ಸಿಜೀಜಿಯಮ್ ತ್ರಾವಂಕೋರಿಕಮ್‌ಗೆ ಈ ಹೋಲಿಕೆ ಎಷ್ಟು ಮುಖ್ಯವಾಗಿತ್ತು ಎಂದು ಯೋಚಿಸಿ. ಕೇರಳದ ದಕ್ಷಿಣದ ಜೌಗುಗಳ ಮರವೆಂದು ಅದರ ಖ್ಯಾತಿ. 1998ರ ಕೆಂಪುಪಟ್ಟಿಯಲ್ಲಿ ಅದು ತೀವ್ರ ಅಳಿವಿನಂಚಿನಲ್ಲಿರುವ ಪ್ರಭೇದ. ಶರಾವತಿ ಕೊಳ್ಳದಲ್ಲಿ ಕಂಡ ಮರವನ್ನು ದೂರದ ನೆಪದಿಂದ ಬೇರೆಯದೆಂದು ಹೆಸರಿಸಿದ್ದರೆ ಎರಡು ಸುಳ್ಳು ಚಿತ್ರಗಳು ಮೂಡುತ್ತಿದ್ದವು. ತಿರುವಾಂಕೂರಿನ ಮರ ಇರುವುದಕ್ಕಿಂತ ಇಕ್ಕಟ್ಟಾದ ನೆಲೆಯದಾಗಿ ಕಾಣುತ್ತಿತ್ತು. ಸಿದ್ದಾಪುರದ ಮರಕ್ಕೆ ಇಲ್ಲದ ಏಕಾಂತ ಬರುತ್ತಿತ್ತು. ಹಳೆಯ ಹೆಸರೇ ಸಲ್ಲುತ್ತದೆಂದು ಗೊತ್ತಾದ್ದರಿಂದ, ಈ ಪ್ರಭೇದದ ನೆಲೆ ಘಟ್ಟದುದ್ದಕ್ಕೂ ಒಮ್ಮೆ ಹಬ್ಬಿದ್ದ ಜೌಗುಕಾಡಿನ ತುಂಡುಗಳಲ್ಲಿ ಉಳಿದುಬಂದಿದೆ ಎಂಬ ವಿವರಣೆಗೆ ಬಲ ಬಂತು. ಇದನ್ನು ನಾನು ಹೊಸ ಪ್ರಭೇದವೊಂದರ ಶೋಧಕ್ಕಿಂತ ಕಡಿಮೆಯೆಂದು ಎಣಿಸುವುದಿಲ್ಲ. ತಗ್ಗಿನ ನೀರನ್ನು ಅಡಿಕೆ ತೋಟಕ್ಕೆ, ಗದ್ದೆಗೆ ತಿರುಗಿಸಿದಲ್ಲೆಲ್ಲ ಜಡ್ಡಿಗಳು ಹೋಗಿವೆ. ಉಳಿದವುಗಳಲ್ಲಿ ಯಾವ ಮರ ಎಲ್ಲಿದೆ ಎಂಬ ಸರಿಯಾದ ಲೆಕ್ಕ ಬೇಕಾಗಿದೆ.

ಹೋಲಿಕೆಯ ಪರೀಕ್ಷೆಯನ್ನು ದಾಟಿಯೂ ಮರ ಬೇರೆಯಾಗಿಯೇ ನಿಂತರೆ ಹಿಂಜರಿಯಬೇಕಿಲ್ಲ. ನಾಮಕರಣದ ಅಂತರರಾಷ್ಟ್ರೀಯ ಸಂಹಿತೆಯ ನಿಯಮಗಳು ಸ್ಪಷ್ಟವಾಗಿವೆ. 1935ರಿಂದ 2011ರ ಕೊನೆಯವರೆಗೆ ಲ್ಯಾಟಿನ್ ವಿವರಣೆ ಕಡ್ಡಾಯವಿತ್ತು. 2012ರ ಜನವರಿ 1ರಿಂದ ಲ್ಯಾಟಿನ್ ಅಥವಾ ಇಂಗ್ಲಿಷ್ ಯಾವುದಾದರೂ ಆದೀತು. ಮೂಲ ನಮೂನೆ, ಅಂದರೆ ಹೋಲೋಟೈಪ್ ಯಾವುದು, ಅದು ಯಾವ ಸಸ್ಯಸಂಗ್ರಹಾಲಯದಲ್ಲಿದೆ ಎಂಬುದನ್ನು ಹೇಳಲೇಬೇಕು. ಇವು ಕನಿಷ್ಠ ಷರತ್ತುಗಳು. ಮಿರ್ಟೇಸಿಗೆ ಇವುಗಳ ಮೇಲೆ ಇನ್ನೆರಡನ್ನು ನಾನು ಕೇಳುತ್ತೇನೆ. ಹೂವಿನ ಹಾಳೆಯ ಜೊತೆಗೆ ಅದೇ ಮರಕ್ಕೆ ಗುರುತುಚೀಟಿ ಕಟ್ಟಿ, ಹಣ್ಣಿನ ಕಾಲದಲ್ಲಿ ಮತ್ತೆ ಹೋಗಿ ತಂದ ಹಾಳೆಯೂ ಇರಬೇಕು. ಹೋಲೋಟೈಪ್ ಎಲ್ಲೇ ಇರಲಿ, ನಕಲು ಹಾಳೆಗಳಲ್ಲಿ ಒಂದು ಆ ಮರ ಬೆಳೆಯುವ ರಾಜ್ಯದ ಸಂಗ್ರಹಾಲಯದಲ್ಲಿರಬೇಕು. ಕರ್ನಾಟಕದ ಮಟ್ಟಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಸ್ಯಸಂಗ್ರಹಾಲಯ ಅದಕ್ಕೆ ತಕ್ಕ ಜಾಗ. ಸಿಲಿಕಾ ಜೆಲ್‌ನಲ್ಲಿ ಒಣಗಿಸಿದ ಎಲೆಯ ಚೂರು ಅದೇ ಸಂಗ್ರಹ ಸಂಖ್ಯೆಯಡಿ ಉಳಿದರೆ, ವಂಶವಾಹಿಯ ಪ್ರಶ್ನೆಗಾಗಿ ಯಾರೂ ಮರಳಿ ಮರ ಹತ್ತಬೇಕಾಗುವುದಿಲ್ಲ.